ಜೇನಿನ ಹಿಂದೆ ಓಡಬೇಡಿ, ಹೂವಿನ ಮುಂದೆ ಕೂರಿ

ಮೊದಲ ಸಲ ಜೇನಿನ ಫೋಟೊ ತೆಗೆಯಲು ಹೋದ ದಿನ ಸುಮಾರು ಇನ್ನೂರು ಸಲ ಕ್ಲಿಕ್ ಮಾಡಿದ್ದೆ. ಮನೆಗೆ ಬಂದು ನೋಡಿದರೆ ಅರ್ಧಕ್ಕರ್ಧ ಬರೀ ಹೂವು. ಉಳಿದದ್ದರಲ್ಲಿ ಜೇನಿನ ಹಿಂಭಾಗ. ಒಂದರಲ್ಲೂ ಮುಖ ಇಲ್ಲ. ಹೂವಿಂದ ಹೂವಿಗೆ ಅದರ ಬೆನ್ನು ಹತ್ತಿ ಓಡಿದರೆ ಬೆನ್ನಲ್ಲದೆ ಇನ್ನೇನು ಸಿಗುತ್ತೆ ಹೇಳಿ!

ಆಮೇಲೆ ಗೊತ್ತಾಯಿತು. ಜೇನು ಒಂದು ಸುತ್ತು ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ತುಳಸಿಗೆ ಬಂದದ್ದು ಒಂದೊಂದೇ ಕದಿರು ಹಿಡಿದು ತುಳಸಿಯನ್ನೇ ಮುಗಿಸುತ್ತದೆ. ಹಾಗಾಗಿ ಚೆನ್ನಾಗಿ ಬೆಳಕು ಬಿದ್ದ ಒಂದು ಕದಿರಿನ ಮುಂದೆ ಸುಮ್ನೆ ಕೂತರೆ ಅದೇ ಬರುತ್ತದೆ. ಐದು ನಿಮಿಷ ಅಲುಗಾಡದೆ ಕೂತರೆ ನಿಮ್ಮನ್ನು ಲೆಕ್ಕಕ್ಕೇ ಇಡುವುದಿಲ್ಲ. ನಿಮ್ಮ ನೆರಳು ಮಾತ್ರ ಹೂವಿನ ಮೇಲೆ ಬೀಳಬಾರದು. ನೆರಳು ಸರಿದ ತಕ್ಷಣ ಹುಳ ಪರಾರಿ.

ಎಲ್ಲಿ, ಯಾವಾಗ?

ಕಾಡಿಗೆ ಹೋಗಬೇಕಿಲ್ಲ. ಬಾಲ್ಕನಿಯಲ್ಲಿ ತುಳಸಿ, ಕಾಮಕಸ್ತೂರಿ ಕುಂಡ ಇದ್ದರೆ ಸಾಕು. ಹಳ್ಳಿಯಲ್ಲಿದ್ದರೆ ಹುಚ್ಚೆಳ್ಳು, ಸೂರ್ಯಕಾಂತಿ ಹೊಲದ ಬದು. ದಾರಿ ಬದಿಯ ಮುಟ್ಟಿದರೆ ಮುನಿ ಗಿಡವನ್ನೂ ಬೆಳಿಗ್ಗೆ ಬೆಳಿಗ್ಗೆಯೇ ನೋಡಿ. ಆ ಗುಲಾಬಿ ಚೆಂಡಿನಿಂದ ಪರಾಗ ಕೆರೆಯುವ ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು) ಸಿಗುತ್ತದೆ. ಹಿಂಗಾಲಿನಲ್ಲಿ ಪರಾಗದ ಪುಟ್ಟ ಗಂಟು ಅಂಟಿರುತ್ತದೆ. ಫೋಟೊದಲ್ಲಿ ಅದೊಂದು ಬಂದರೂ ಆ ದಿನ ಸಾರ್ಥಕ.

ಏಳರಿಂದ ಒಂಬತ್ತು ಗಂಟೆ ಒಳ್ಳೆಯ ಹೊತ್ತು. ಚಳಿ ಇದ್ದ ಬೆಳಿಗ್ಗೆ ಚಿಟ್ಟೆ, ಮಿಡತೆ, ಏರೋಪ್ಲೇನ್ ಚಿಟ್ಟೆಗಳು ಮೈ ಬಿಸಿಯಾಗುವ ತನಕ ಹಾರಲಾರದೆ ಕೂತಿರುತ್ತವೆ. ಕಲಿಯುವವರು ಇವುಗಳಿಂದಲೇ ಶುರು ಮಾಡುವುದು ವಾಸಿ. ಮಧ್ಯಾಹ್ನದ ಬಿಸಿಲಲ್ಲಿ ಹುಳಕ್ಕೆ ಚುರುಕು ಜಾಸ್ತಿ, ಫೋಟೊದಲ್ಲಿ ನೆರಳು ಕಡುಕಪ್ಪು.

ಮುಜಂಟಿ ಜೇನು ಚುಚ್ಚುವುದಿಲ್ಲ, ಧೈರ್ಯವಾಗಿ ಹತ್ತಿರ ಹೋಗಬಹುದು. ಆದರೆ ಅದು ನಾಲ್ಕೈದು ಮಿಲಿಮೀಟರ್ ಅಷ್ಟೇ. ಜೇನಿನಲ್ಲಾದರೆ ಒಂದು ಸೆಂಟಿಮೀಟರಿನಷ್ಟು ಉದ್ದದ ತುಡುವೆಯೇ ಕಲಿಕೆಗೆ ಸರಿಯಾದ ಅಳತೆ.

ಫೋನ್ ಇದ್ದರೆ

ತೀರಾ ಹತ್ತಿರ ಒಯ್ದರೆ ಫೋನ್‌ಗೆ ಫೋಕಸ್ ಆಗುವುದಿಲ್ಲ. ಸ್ವಲ್ಪ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ. ಜೇನು ಬರುವ ಮೊದಲೇ ಹೂವಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಬಂದ ಮೇಲೆ ಒಂದೇ ಸಮ ಹತ್ತಿಪ್ಪತ್ತು ಕ್ಲಿಕ್ ಹೊಡೆಯಿರಿ. ಇಪ್ಪತ್ತರಲ್ಲಿ ಒಂದು ಚೆನ್ನಾಗಿ ಬಂದರೆ ಅದೇ ಲಾಭ. ಫೋನ್‌ಗೆ ಕ್ಲಿಪ್ ಮಾಡುವ ಮ್ಯಾಕ್ರೊ ಲೆನ್ಸ್‌ಗಳೂ (ಪುಟ್ಟ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಸಿಗುತ್ತವೆ. ನಾನು ಮೊದಲು ಕೊಂಡ ಅಗ್ಗದ್ದು ಎರಡು ಸೆಂಟಿಮೀಟರ್ ದೂರಕ್ಕೆ ಹೋದರೆ ಮಾತ್ರ ಕೆಲಸ ಮಾಡುತ್ತಿತ್ತು. ಅಷ್ಟು ಹತ್ತಿರಕ್ಕೆ ಇರುವೆಯೂ ನಿಲ್ಲಲಿಲ್ಲ.

ಕ್ಯಾಮೆರಾ ಇದ್ದರೆ

ಷಟರ್ (ಬೆಳಕು ಒಳಬರುವ ಹೊತ್ತು) ಸೆಕೆಂಡಿನ 1/1000, ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಂಡಿ) ಎಫ್ 8ರಿಂದ 11, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೊ. ಜೇನು ಸೆಕೆಂಡಿಗೆ ಸುಮಾರು 230 ಸಲ ರೆಕ್ಕೆ ಬಡಿಯುತ್ತದೆ, ಹಾಗಾಗಿ ಹಾರುವಾಗ ರೆಕ್ಕೆ ಮಸುಕಾಗಿಯೇ ಬರುತ್ತದೆ. ಬರಲಿ ಬಿಡಿ. ಅದನ್ನೂ ನಿಲ್ಲಿಸಿಬಿಟ್ಟರೆ ಗುಂಡುಸೂಜಿ ಚುಚ್ಚಿಟ್ಟ ಹುಳದ ಹಾಗೆ ಕಾಣುತ್ತದೆ ಅಂತ ನನ್ನ ಅನಿಸಿಕೆ.

ದುಬಾರಿ ಮ್ಯಾಕ್ರೊ ಲೆನ್ಸ್‌ಗೆ ಈಗಲೇ ಕೈ ಹಾಕಬೇಡಿ. ಮನೆಯಲ್ಲಿ ಹಳೆಯ 50 ಎಂಎಂ ಲೆನ್ಸ್ ಇದ್ದರೆ ರಿವರ್ಸ್ ರಿಂಗ್ (ಲೆನ್ಸನ್ನು ಉಲ್ಟಾ ಜೋಡಿಸುವ ಬಳೆ) ಹಾಕಿ ಅದನ್ನು ತಿರುಗುಮುರುಗಾಗಿ ಕೂರಿಸಬಹುದು. ಅಪರ್ಚರ್ ಬದಲಿಸುವ ರಿಂಗ್ ಲೆನ್ಸಿನ ಮೇಲೆಯೇ ಇರಬೇಕು, ಅಷ್ಟೇ.

ನಿಜವಾದ ಕಷ್ಟ ಫೋಕಸ್‌ನದು. ಇಷ್ಟು ಹತ್ತಿರದಿಂದ ತೆಗೆದಾಗ ಸ್ಪಷ್ಟವಾಗಿ ಬರುವುದು ಹೆಚ್ಚೆಂದರೆ ಒಂದು ಮಿಲಿಮೀಟರ್ ಆಳ. ಆ ಒಂದು ಮಿಲಿಮೀಟರ್ ಕಣ್ಣಿನ ಮೇಲೆ ಬಿದ್ದರೆ ಕಾಲು, ರೆಕ್ಕೆ ಮಸುಕಾದರೂ ಫೋಟೊ ನಿಲ್ಲುತ್ತದೆ. ಫೋಕಸ್ ರಿಂಗ್ ತಿರುಗಿಸುತ್ತಾ ಕೂರಬೇಡಿ. ಅದನ್ನು ಒಂದು ಕಡೆ ನಿಲ್ಲಿಸಿ, ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಿ, ಕಣ್ಣು ಮಿಂಚಿದ ಕ್ಷಣಕ್ಕೆ ಒತ್ತಿ. ಗಾಳಿಗೆ ಗಿಡ ಓಲಾಡುತ್ತಿದ್ದರೆ ಎಡಗೈ ಬೆರಳುಗಳಲ್ಲಿ ಕಡ್ಡಿ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರಿಕೊಳ್ಳಿ. ಹೂವು ಅಲುಗಿದರೆ ಕ್ಯಾಮೆರಾವೂ ಜೊತೆಗೇ ಅಲುಗುತ್ತದೆ. ನನಗೆ ಟ್ರೈಪಾಡ್‌ಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಉಪಾಯ.

ಫ್ಲ್ಯಾಶ್ ಬಳಸುವುದಾದರೆ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿ. ಇಲ್ಲದಿದ್ದರೆ ಗುಲಗಂಜಿ ಹುಳದ ಬೆನ್ನಿನ ಮೇಲೆ ಬಿಳಿ ಚುಕ್ಕೆಯೊಂದೇ ಉಳಿಯುತ್ತದೆ.

ಇವೆರಡು ಬೇಡ

ಹೆಜ್ಜೇನಿನ ಹುಟ್ಟಿನ ಹತ್ತಿರ ಹೋಗಬೇಡಿ, ಫ್ಲ್ಯಾಶ್ ಅಂತೂ ಬೇಡವೇ ಬೇಡ. ಹೂವಿನ ಮೇಲಿನ ಜೇನು ತನ್ನ ಪಾಡಿಗೆ ತಾನಿರುತ್ತದೆ, ಗೂಡು ಕಾಯುವ ಜೇನು ಹಾಗಲ್ಲ. ಕಚ್ಚಿದರೆ ಕೊಂಡಿಯನ್ನು ತಡ ಮಾಡದೆ ಉಗುರಿನಲ್ಲಿ ಕೆರೆದು ತೆಗೆಯಿರಿ, ಅದು ಚರ್ಮದಲ್ಲಿ ಇರುವಷ್ಟು ಹೊತ್ತೂ ವಿಷ ಇಳಿಯುತ್ತಿರುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ನೇರ ಆಸ್ಪತ್ರೆಗೆ. ಇನ್ನೊಂದು, ಹುಳವನ್ನು ಫ್ರಿಜ್‌ನಲ್ಲಿಟ್ಟು ಮಂಕು ಮಾಡಿ ಫೋಟೊ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ.

ನಿದ್ದೆ ಹೋದ ಜೇನು ಬೇಕಾದರೆ ಅದಕ್ಕೆ ದಾರಿ ಬೇರೆ ಇದೆ. ಹೊಟ್ಟೆಯ ಮೇಲೆ ನೀಲಿ ಪಟ್ಟಿ ಇರುವ ಒಂಟಿ ಜೇನು ನಮ್ಮ ತೋಟಗಳಲ್ಲೂ ಇದೆ. ಹಗಲಲ್ಲಿ ಒಂದು ಕ್ಷಣ ನಿಲ್ಲದ ಪ್ರಾಣಿ. ಹೊತ್ತು ಮುಳುಗುವಾಗ ಅದರ ಗಂಡುಗಳು ಒಂದು ಒಣಕಡ್ಡಿ ಹುಡುಕಿ, ಬಾಯಿಯಿಂದ ಅದನ್ನು ಕಚ್ಚಿ ಹಿಡಿದು, ಕಾಲು ಮಡಚಿ, ಹಾಗೇ ಸಾಲಾಗಿ ಮಲಗಿಬಿಡುತ್ತವೆ. ಆಗ 1/60 ಷಟರ್ ಸಾಕು. ಮುಖ, ಕಣ್ಣು, ಮೈಮೇಲಿನ ಕೂದಲು ಎಲ್ಲವನ್ನೂ ನಿಧಾನವಾಗಿ ತೆಗೆಯಬಹುದು. ಮರುದಿನ ಸಂಜೆಯೂ ಅದೇ ಕಡ್ಡಿಗೆ ಬರುವುದುಂಟು. ನಮ್ಮ ತಾರಸಿಯ ತುಳಸಿಯಲ್ಲಿ ಅಂಥದ್ದೊಂದು ಕಡ್ಡಿ ಇದೆ. ಅಮ್ಮ ಒಣಗಿದೆ ಅಂತ ಕೀಳಲು ಹೋದಾಗಲೆಲ್ಲ ತಡೆಯುತ್ತಲೇ ಇದ್ದೇನೆ.