ಹೆಸರು ಬದಲಿಸಿದರೂ ಮನೆ ಗೊತ್ತಾಗುತ್ತದೆ: ಕುಟುಂಬ ಸಮಾಲೋಚಕರ ಕಾರ್ಯಾಗಾರ ನಡೆಸುವುದು ಹೇಗೆ?

ಶಿರಸಿಯಲ್ಲಿ ಮೊದಲ ಸಲ ಕುಟುಂಬ ಸಮಾಲೋಚಕರನ್ನು ಒಟ್ಟು ಸೇರಿಸಿದಾಗ ನಾನೂ ಒಂದು ಪ್ರಕರಣ ಹೇಳಿದ್ದೆ. ಅಣ್ಣ ತಮ್ಮ, ಹಿಸೆಯಾಗದ ಅಡಿಕೆ ತೋಟ, ಘಟ್ಟದ ಕೆಳಗಿನಿಂದ ಬಂದ ಕಿರಿಸೊಸೆ, ಹುಬ್ಬಳ್ಳಿಯಲ್ಲಿ ಓದುವ ಮಗ. ಎಲ್ಲರ ಹೆಸರನ್ನೂ ಬದಲಿಸಿದ್ದೆ. ಊರಿನ ಹೆಸರು ಎತ್ತಿರಲಿಲ್ಲ. ಚಹಾದ ಹೊತ್ತಿಗೆ ಒಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಮೇಡಂ, ಅದು ನಮ್ಮ ಅತ್ತಿಗೆಯ ತವರುಮನೆ ಅಲ್ವಾ?"

ನನಗೆ ಮಾತೇ ಹೊರಡಲಿಲ್ಲ. ನಂಬಿ ಎಲ್ಲ ಹೇಳಿಕೊಂಡ ಆ ಮನೆಯವರ ಮುಖ ಕಣ್ಣ ಮುಂದೆ ಬಂತು.

ನಮ್ಮ ಉತ್ತರ ಕನ್ನಡ ಜಿಲ್ಲೆ ದೊಡ್ಡದು, ಆದರೆ ಸಂಬಂಧಗಳ ಬಲೆ ಬಹಳ ಬಿಗಿ. ಎರಡು ಮಾತು ಆಡಿದರೆ ಯಾರ ಮನೆ ಎಂದು ಗೊತ್ತಾಗಿಬಿಡುತ್ತದೆ. ಬೆಂಗಳೂರಿನ ಕಾರ್ಯಾಗಾರದ ಮಾದರಿಯನ್ನು ಇಲ್ಲಿಗೆ ಹಾಗೇ ತಂದರೆ ಸರಿಹೋಗುವುದಿಲ್ಲ ಎಂದು ನಾನು ಕಲಿತದ್ದು ಅವತ್ತು. ಅದಾದ ಮೇಲೆ ನಡೆಸಿದ ಕಾರ್ಯಾಗಾರಗಳಿಂದ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಎಲ್ಲೇ ಮಾಡುವುದಾದರೂ ಬಳಸಿಕೊಳ್ಳಬಹುದು.

ಇದೆಲ್ಲ ಯಾಕೆ ಬೇಕು?

ಅಮೆರಿಕದಲ್ಲಿ ಮದುವೆ ಮತ್ತು ಕುಟುಂಬದ ಚಿಕಿತ್ಸಕರಿಗೆ 1942ರಿಂದಲೇ ಒಂದು ರಾಷ್ಟ್ರೀಯ ಸಂಘ ಇದೆ. ಅಲ್ಲಿನ 50 ರಾಜ್ಯಗಳಲ್ಲೂ ಈ ಕೆಲಸಕ್ಕೆ ಲೈಸೆನ್ಸ್ ಬೇಕು. ಅದನ್ನು ಉಳಿಸಿಕೊಳ್ಳಲು ಅವರು ಸಮ್ಮೇಳನ, ಕಾರ್ಯಾಗಾರಗಳಿಗೆ ಹೋಗಿ ಕಲಿಯುತ್ತಲೇ ಇರುತ್ತಾರೆ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಕುಟುಂಬ ಚಿಕಿತ್ಸಕರಿಗೇ ಎಂದು ಅಂಥ ಪ್ರತ್ಯೇಕ ಲೈಸೆನ್ಸ್ ಇಲ್ಲ.

ಹಾಗಂತ ಕೆಲಸ ನಿಂತಿಲ್ಲ. ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರ, ಸಖಿ ಕೇಂದ್ರ, ಕೋರ್ಟಿನ ಮಧ್ಯಸ್ಥಿಕೆ, ಆಸ್ಪತ್ರೆಯ ಮನೋರೋಗ ವಿಭಾಗ, ಕಾಲೇಜು, ಚರ್ಚು ಎಲ್ಲ ಕಡೆ ಯಾರೋ ಒಬ್ಬರು ಕೂತು ಗಂಡ ಹೆಂಡತಿಯ ಮಾತು ಕೇಳುತ್ತಿದ್ದಾರೆ. ಹೆಚ್ಚಿನವರು ಒಂಟಿ. ತಪ್ಪಿದಾಗ ತಿದ್ದುವವರಿಲ್ಲ. ಮನಸ್ಸು ಭಾರವಾದಾಗ ಹೇಳಿಕೊಳ್ಳುವುದಕ್ಕೂ ಯಾರಿಲ್ಲ. ಎರಡು ದಿನ ಒಟ್ಟಿಗೆ ಕೂತರೆ ಎಷ್ಟು ಹಗುರವಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲ ಹೆಜ್ಜೆ: ಒಂದು ಪತ್ರ

ಹಾಲ್ ಬುಕ್ ಮಾಡುವ ಮೊದಲು, ಅತಿಥಿಯನ್ನು ಕರೆಯುವ ಮೊದಲು, ಬರುವವರಿಗೆ ಒಂದು ಪತ್ರ ಬರೆಯಿರಿ. ಎರಡು ತಿಂಗಳು ಮೊದಲೇ ಬರೆಯಿರಿ. ಒಂದೇ ಪ್ರಶ್ನೆ ಸಾಕು: "ಈ ವರ್ಷ ನಿಮಗೆ ದಾರಿಯೇ ತೋಚದ ಸನ್ನಿವೇಶ ಯಾವುದು?" ಹೆಸರು, ವಿವರ ಬೇಡ, ಎರಡು ಸಾಲಿನ ಉತ್ತರ ಸಾಕು.

ಬರುವ ಉತ್ತರಗಳಲ್ಲಿ ನಮ್ಮ ಜಿಲ್ಲೆಯೇ ಕಾಣಿಸುತ್ತದೆ. ತೋಟ ಬಿಟ್ಟು ಬರಲಾಗದ ಮಗ, ಹಳ್ಳಿಗೆ ಬರಲು ಒಪ್ಪದ ಹೆಣ್ಣು. ಕೊಲ್ಲಿ ದೇಶದಲ್ಲಿ ದುಡಿಯುವ ಗಂಡ, ಇಲ್ಲಿ ಅತ್ತೆ ಮಾವನ ಜೊತೆ ಹೆಂಡತಿ. ಕಾರವಾರದಿಂದ ದಿನಾ ಗೋವೆಗೆ ಹೋಗಿ ಬರುವ ದಂಪತಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆ ನಿಲ್ಲುವ 61 ದಿನ ಮನೆಯಲ್ಲೇ ಉಳಿಯುವ ಗಂಡಸರು, ಕೈಯಲ್ಲಿ ಕಾಸಿಲ್ಲ, ಕುಡಿತ ಜಾಸ್ತಿ. ಮಕ್ಕಳೆಲ್ಲ ಬೆಂಗಳೂರು ಸೇರಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಅಪ್ಪ ಅಮ್ಮ.

ಇವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ. ಜಾಸ್ತಿ ಎಂದರೆ ಎರಡು. "ಕುಟುಂಬದ ಸವಾಲುಗಳು" ಎಂದು ಇಡೀ ಆಕಾಶವನ್ನೇ ವಿಷಯ ಮಾಡಿಕೊಂಡರೆ ಎರಡು ದಿನ ಬರೀ ಭಾಷಣದಲ್ಲಿ ಕಳೆದುಹೋಗುತ್ತದೆ.

ದಿನ ಮತ್ತು ಜಾಗ

ಮಳೆಗಾಲ ಬೇಡವೇ ಬೇಡ. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲಿ ಯಾವಾಗ ಮಣ್ಣು ಕುಸಿಯುತ್ತದೋ ಹೇಳಲಾಗದು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಅಡಿಕೆ ಕೊಯ್ಲು ಶುರುವಾದರೆ ಘಟ್ಟದ ಮೇಲಿನವರಿಗೆ ಪುರುಸೊತ್ತಿಲ್ಲ. ಏಪ್ರಿಲ್, ಮೇ ಮದುವೆಗಳ ಕಾಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಶಿರಸಿಯಲ್ಲಿ ಉಳಿಯಲು ಜಾಗ ಸಿಗುವುದು ಕಷ್ಟ. ನನ್ನ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆಯಿಂದ ದೀಪಾವಳಿಯ ಒಳಗೆ, ದಸರಾ ಬಿಟ್ಟು, ಒಳ್ಳೆಯ ಸಮಯ.

ಎರಡನೇ ಶನಿವಾರ ಮತ್ತು ಅದರ ಮರುದಿನ ಎಂದು ಎಲ್ಲರಿಗೂ ಹೊಳೆಯುತ್ತದೆ. ಆದರೆ ರಾಷ್ಟ್ರೀಯ ಲೋಕ ಅದಾಲತ್ ಕೂಡ ಸಾಮಾನ್ಯವಾಗಿ ಎರಡನೇ ಶನಿವಾರವೇ ಇರುತ್ತದೆ. ಅವತ್ತು ವಕೀಲರು, ಮಧ್ಯಸ್ಥಿಕೆದಾರರು ಯಾರೂ ಸಿಗುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಫೋನ್ ಮಾಡಿ ಕೇಳಿಕೊಂಡೇ ದಿನ ಗೊತ್ತು ಮಾಡಿ.

ಮೊದಲ ದಿನ ಹತ್ತೂವರೆಗಿಂತ ಮೊದಲು ಶುರು ಮಾಡಬೇಡಿ. ಶಿರಸಿಯಲ್ಲಾದರೆ ಭಟ್ಕಳ, ಹೊನ್ನಾವರದವರು ಬೆಳಗಿನ ಬಸ್ಸು ಹಿಡಿದು ಘಟ್ಟ ಹತ್ತಿ ಬರಬೇಕು. ಜೋಯಿಡಾದವರಿಗೆ ಹಿಂದಿನ ರಾತ್ರಿಯೇ ಉಳಿಯುವ ವ್ಯವಸ್ಥೆ ಮಾಡಿ. ಹೊರಗಿನಿಂದ ಬರುವವರಿಗೆ ಕೊಂಕಣ ರೈಲು ಇರುವುದರಿಂದ ಕಾರವಾರ, ಕುಮಟಾ ಸುಲಭ. ಶಿರಸಿಗೆ ರೈಲಿಲ್ಲ, ಹುಬ್ಬಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ರಸ್ತೆಯಲ್ಲೇ ಬರಬೇಕು.

ಜಾಗ ನೋಡುವಾಗ ದೊಡ್ಡ ವೇದಿಕೆಯನ್ನು ಹುಡುಕಬೇಡಿ. ಕುರ್ಚಿಗಳನ್ನು ಸುತ್ತ ಹಾಕಲು ಬರುವ ಒಂದು ಕೋಣೆ, ಸಣ್ಣ ಗುಂಪು ಕೂರಲು ಎರಡು ಕೋಣೆ, ಅತ್ತರೆ ಹೋಗಿ ಕೂರಲು ಒಂದು ಜಗಲಿ. ಮಾತು ಹೊರಗೆ ಕೇಳಿಸಬಾರದು. 24 ಜನಕ್ಕಿಂತ ಹೆಚ್ಚು ಬೇಡ. ಮೂರು ಮೂರು ಜನರ ಎಂಟು ಗುಂಪು ಆಗುತ್ತದೆ.

ಕಲಿಸುವವರು

ಮಾನಸಿಕ ಆರೋಗ್ಯದ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್ ಅಥವಾ ನಮಗೆ ಹತ್ತಿರದ ಧಾರವಾಡದ ಡಿಮ್ಹಾನ್ಸ್‌ನಲ್ಲಿ ಕುಟುಂಬಗಳ ಜೊತೆ ಕೆಲಸ ಮಾಡಿದವರನ್ನು ಕೇಳಿ. ಕನ್ನಡದಲ್ಲಿ ಕಲಿಸಬಲ್ಲವರೇ ಆಗಿರಲಿ. ಜೊತೆಗೆ ಕೌಟುಂಬಿಕ ಕಾನೂನು ಬಲ್ಲ ವಕೀಲರೊಬ್ಬರು. ಇಷ್ಟೇ ಸಾಕು. ಭಾಗವಹಿಸುವ ಸೈಕಾಲಜಿಸ್ಟ್‌ಗಳಿಗೆ ಮುಂದುವರಿದ ಕಲಿಕೆಗೆ ಪುನರ್ವಸತಿ ಪರಿಷತ್ತು ಕೊಡುವ ಅಂಕ ಸಿಗಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು, ಕೊನೆಯ ವಾರದಲ್ಲಿ ಓಡಾಡಿದರೆ ಆಗದು. ಪ್ರಮಾಣಪತ್ರದಲ್ಲಿ "ಭಾಗವಹಿಸಿದ್ದಾರೆ" ಎಂದಷ್ಟೇ ಬರೆಯಿರಿ. ಎರಡು ದಿನದಲ್ಲಿ ಯಾರೂ ಚಿಕಿತ್ಸಕರಾಗುವುದಿಲ್ಲ.

ಮೊದಲ ದಿನ: ಮನೆಯ ನಕ್ಷೆ

ಮೊದಲ ದಿನಕ್ಕೆ ಜೆನೋಗ್ರಾಂ, ಅಂದರೆ ತಲೆಮಾರುಗಳ ಸಂಬಂಧ ತೋರಿಸುವ ನಕ್ಷೆ, ಬರೆಯಿಸುವುದಕ್ಕಿಂತ ಒಳ್ಳೆಯ ಕೆಲಸ ನನಗೆ ಸಿಕ್ಕಿಲ್ಲ. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಕುಟುಂಬದ ಚಿತ್ರ ಬರೆಯುವ ಈ ರೂಢಿಗೆ ಅಡಿಪಾಯ ಹಾಕಿದವರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಮದುವೆಗೆ ಒಂದು ಗೆರೆ, ವಿಚ್ಛೇದನವಾದರೆ ಆ ಗೆರೆಯ ಮೇಲೆ ಎರಡು ಓರೆ ಗೀಟು. ಜಗಳವಿದ್ದ ಕಡೆ ಅಂಕುಡೊಂಕು ಗೆರೆ. ಕನಿಷ್ಠ ಮೂರು ತಲೆಮಾರು ಬರೆಯಬೇಕು.

ನಮ್ಮ ಮನೆಗಳಿಗೆ ಇದರ ಜೊತೆ ಇನ್ನೊಂದು ಗುರುತು ಸೇರಿಸಲು ಹೇಳುತ್ತೇನೆ: ಒಲೆ. ಒಂದೇ ಸೂರಿನ ಕೆಳಗೆ ಎಷ್ಟು ಒಲೆ ಉರಿಯುತ್ತದೆ? ಯಾರು ಯಾರ ಒಲೆಯ ಅನ್ನ ಉಣ್ಣುತ್ತಾರೆ? ಹಿಸೆ ಕಾಗದದಲ್ಲಿ ಆಗದಿದ್ದರೂ ಅಡುಗೆಮನೆಯಲ್ಲಿ ಆಗಿಹೋಗಿರುತ್ತದೆ. ಊರು ಬಿಟ್ಟವರ ಹೆಸರಿನ ಪಕ್ಕ ಅವರಿರುವ ಊರನ್ನೂ, ಮನೆಗೆ ಬರುವ ಹಬ್ಬವನ್ನೂ ಬರೆಯಿಸಿ. ಚೌತಿಗೆ ಬರುವ ಮಗ ದೀಪಾವಳಿಗೆ ಯಾಕೆ ಬರುವುದಿಲ್ಲ ಎಂದು ಕೇಳಿದ ತಕ್ಷಣ ಒಂದು ಮನೆಯ ಬಾಗಿಲೇ ತೆರೆದುಕೊಂಡದ್ದುಂಟು.

ಮೊದಲು ಎಲ್ಲರೂ ತಮ್ಮ ಸ್ವಂತ ಮನೆಯ ನಕ್ಷೆ ಬರೆಯಲಿ. ಯಾರಿಗೂ ತೋರಿಸಬೇಕಾಗಿಲ್ಲ. ನಮ್ಮ ಮನೆಯ ನೋವು ಎಲ್ಲಿದೆ ಎಂದು ತಿಳಿಯದೆ ಬೇರೆಯವರ ಮನೆಗೆ ಕಾಲಿಟ್ಟರೆ ಅಲ್ಲಿ ನಮ್ಮ ಅತ್ತೆಯೇ ಕಾಣುತ್ತಾರೆ, ನಮ್ಮ ಅಪ್ಪನೇ ಕಾಣುತ್ತಾರೆ.

ಮನೆಯವರನ್ನೆಲ್ಲ ಸೇರಿಸಿಕೊಂಡು ಚಿಕಿತ್ಸೆ ಕೊಡುವುದು ನಮಗೆ ಪರದೇಶದ ಸರಕಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅವರು ರೋಗಿಗಳ ಜೊತೆ ಮನೆಯವರೂ ಡೇರೆಗಳಲ್ಲಿ ಉಳಿಯುವ ವ್ಯವಸ್ಥೆ ಮಾಡಿದ್ದರು. ಈ ಮಾತನ್ನು ಮೊದಲ ದಿನವೇ ಹೇಳಿ. ಕೇಳುವವರಿಗೆ ಧೈರ್ಯ ಬರುತ್ತದೆ.

ಪ್ರಕರಣ ಹೇಳುವುದು: ಇಲ್ಲಿ ನಿಧಾನ

ನಾನು ಎಡವಿದ್ದು ಇಲ್ಲೇ. ಈಗ ಹೀಗೆ ಮಾಡುತ್ತೇವೆ.

ಪ್ರಕರಣ ತರುವವರು ಮೊದಲು ಆ ಮನೆಯವರ ಒಪ್ಪಿಗೆ ಕೇಳಬೇಕು. "ಗುರುತು ಸಿಗದ ಹಾಗೆ ಮಾಡಿ, ಕಲಿಯಲು ಮಾತ್ರ ಹೇಳುತ್ತೇವೆ, ಬೇಡವೆಂದರೆ ಹೇಳುವುದಿಲ್ಲ" ಎಂದು ಸರಳವಾಗಿ. ಜಗಳದ ಬಿಸಿಯಲ್ಲಿ ಇರುವಾಗ ಕೇಳಬಾರದು. ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಒಪ್ಪಿದರೆ ಅರ್ಧ ಹಾಳೆಯಲ್ಲಿ ಬರೆದು ಒಂದು ವಾರ ಮೊದಲೇ ಕೊಡಬೇಕು. ಹೆಸರಿನ ಜೊತೆ ಕನಿಷ್ಠ ನಾಲ್ಕು ಸಂಗತಿ ಬದಲಾಗಬೇಕು. ಅಡಿಕೆ ತೋಟದ ಹಿಸೆಯನ್ನು ದೋಣಿಯ ಪಾಲು ಮಾಡಿ. ಅಣ್ಣನನ್ನು ತಮ್ಮ ಮಾಡಿ. ಇಬ್ಬರು ಮಕ್ಕಳಿದ್ದರೆ ಮೂವರಾಗಲಿ. ಘಟ್ಟದ ಮೇಲಿನ ಮನೆ ಕರಾವಳಿಗೆ ಇಳಿಯಲಿ. ಎರಡು ಮನೆಯ ಕಥೆಗಳನ್ನು ಬೆರೆಸಿದರೆ ಇನ್ನೂ ಒಳ್ಳೆಯದು. ಒಳಗಿನ ಗಂಟು ಮಾತ್ರ ಹಾಗೇ ಉಳಿಯಬೇಕು. ಇಬ್ಬರು ಓದಿ, ಯಾರ ಮನೆ ಎಂದು ಊಹಿಸಲು ಪ್ರಯತ್ನಿಸಬೇಕು. ಊಹೆ ಹತ್ತಿರ ಬಂದರೂ ಆ ಹಾಳೆ ಬದಿಗೆ.

ಪ್ರಕರಣ ಶುರುವಾದ ಮೇಲೆ "ನನಗೆ ಇವರು ಗೊತ್ತಿರಬಹುದು" ಎಂದು ಯಾರಿಗಾದರೂ ಅನಿಸಿದರೆ, ಕಾರಣ ಹೇಳದೆ ಎದ್ದು ಹೊರಗೆ ಹೋಗಬಹುದು. ಯಾಕೆ ಎಂದು ಯಾರೂ ಕೇಳಬಾರದು. ಫೋನುಗಳೆಲ್ಲ ಹೊರಗಿನ ಬುಟ್ಟಿಯಲ್ಲಿ. ಪತ್ರಕರ್ತರನ್ನು ಉದ್ಘಾಟನೆಗೆ ಮಾತ್ರ ಕರೆಯಿರಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಸ್ಸಿನ ಸಮಯ, ಊಟದ ವಿಷಯ ಬಿಟ್ಟು ಬೇರೇನೂ ಬರೆಯಬಾರದು. ಸಂಜೆ ಹಾಳೆಗಳನ್ನೆಲ್ಲ ಎಣಿಸಿ ವಾಪಸ್ ತೆಗೆದುಕೊಂಡು ಬಚ್ಚಲ ಒಲೆಗೆ ಹಾಕುತ್ತೇನೆ.

ಪಾತ್ರ ಮಾಡುವುದು, ವೇಷ ಕಳಚುವುದು

ಎರಡನೇ ದಿನ ಮೂರು ಜನರ ಗುಂಪಿನಲ್ಲಿ ಅಭ್ಯಾಸ. ಒಬ್ಬರು ಕಷ್ಟ ಹೇಳುವವರು, ಒಬ್ಬರು ಸಮಾಲೋಚಕರು, ಒಬ್ಬರು ನೋಡುವವರು. ಇಪ್ಪತ್ತು ನಿಮಿಷಕ್ಕೆ ಪಾತ್ರ ಬದಲು. ಮನೆಮಾತಿನಲ್ಲೇ ಆಡಲು ಬಿಡಿ. ಕೊಂಕಣಿ, ಹವ್ಯಕ ಕನ್ನಡ, ನವಾಯತಿ, ಹಾಲಕ್ಕಿಗಳ ಮಾತು, ಯಾವುದಾದರೂ ಸರಿ. ಪುಸ್ತಕದ ಕನ್ನಡದಲ್ಲಿ ಯಾರೂ ಹೆಂಡತಿಯ ಜೊತೆ ಜಗಳ ಆಡುವುದಿಲ್ಲ. ಒಮ್ಮೆ ಸೊಸೆಯ ಪಾತ್ರ ಮಾಡಿದವರು "ಆಯಿ, ನಾ ಎಂತ ಮಾಡಕಾಗಿತ್ತು?" ಎಂದಾಗ ಇಡೀ ಕೋಣೆ ಸ್ತಬ್ಧವಾಗಿತ್ತು.

ಆಟ ಮುಗಿದ ಕೂಡಲೇ ಊಟಕ್ಕೆ ಎಬ್ಬಿಸಬೇಡಿ. ಯಕ್ಷಗಾನ ಮುಗಿದ ಮೇಲೆ ಕಲಾವಿದರು ಚೌಕಿಗೆ ಬಂದು ವೇಷ ಬಿಚ್ಚಿ, ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಾರಲ್ಲ, ಹಾಗೆ ಇಲ್ಲೂ ಪಾತ್ರ ಕಳಚಬೇಕು. ಕುರ್ಚಿ ಬದಲಿಸಿ, ತಮ್ಮ ಹೆಸರು ಹೇಳಿ, "ನಾನು ಆ ಸೊಸೆ ಅಲ್ಲ, ಬೆಳಿಗ್ಗೆ ಕುಮಟಾದಿಂದ ಬಂದವಳು" ಎನ್ನಬೇಕು. ಹತ್ತು ನಿಮಿಷದ ಕೆಲಸ, ಬಿಟ್ಟರೆ ಆ ಭಾರ ಅವರ ಜೊತೆ ಮನೆಗೆ ಹೋಗುತ್ತದೆ.

ರಾಜಿ ಮಾಡಿಸಬಾರದ ಕಡೆ

ವಕೀಲರಿಗೆ ಒಂದೂವರೆ ಗಂಟೆ ಪೂರ್ತಿ ಕೊಡಿ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ರಾಜಿಗೆ ಪ್ರಯತ್ನಿಸಬೇಕು ಎನ್ನುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಇಬ್ಬರನ್ನೂ ಒಟ್ಟಿಗೆ ಅಥವಾ ಬೇರೆ ಬೇರೆಯಾಗಿ ಸಮಾಲೋಚನೆಗೆ ಕಳಿಸಬಹುದು. ಆದರೆ ಹೊಡೆತ ಇರುವ ಮನೆಯಲ್ಲಿ ಗಂಡನ ಎದುರು ಕೂರಿಸಿ "ಹೇಳಮ್ಮಾ" ಎಂದರೆ ಅವಳು ಏನು ಹೇಳಿಯಾಳು? ಹೇಳಿದ್ದಕ್ಕೆ ರಾತ್ರಿ ಮತ್ತೆ ಪೆಟ್ಟು. ಮೊದಲ ಭೇಟಿಯಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುವುದನ್ನು ಎಲ್ಲರೂ ರೂಢಿ ಮಾಡಿಕೊಳ್ಳಬೇಕು. ಭಯ ಕಂಡರೆ ಮೊದಲು ಸುರಕ್ಷತೆ, ಉಳಿದದ್ದು ಆಮೇಲೆ.

ಗುಟ್ಟು ಕಾಪಾಡುವುದಕ್ಕೂ ಒಂದು ಮಿತಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. "ಯಾರಿಗೂ ಏನೂ ಹೇಳುವುದಿಲ್ಲ" ಎಂದು ಸುಮ್ನೆ ಮಾತು ಕೊಡಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಈ ಮೂರು ನಂಬರುಗಳನ್ನು ಎಲ್ಲರ ಡೈರಿಯ ಮೊದಲ ಪುಟದಲ್ಲಿ ಬರೆಸಿ.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೂಗುಚ್ಛ, ಶಾಲು, ನೆನಪಿನ ಕಾಣಿಕೆ ಬಿಟ್ಟರೆ ಬಹಳ ಉಳಿಯುತ್ತದೆ. ಆ ಹಣವನ್ನು ಗೌರವಧನದ ಮೇಲೆ ದುಡಿಯುವವರ ಬಸ್ ಚಾರ್ಜಿಗೆ ಕೊಡಿ. ಊಟ ಮಾತ್ರ ಚೆನ್ನಾಗಿರಲಿ. ಅಪ್ಪೆಹುಳಿ, ತಂಬುಳಿ, ಬಿಸಿ ಅನ್ನ ಬಡಿಸಿದರೆ ಪಂಕ್ತಿಯಲ್ಲಿ ಆಗುವ ಮಾತುಕತೆ ಯಾವ ತರಗತಿಗೂ ಕಡಿಮೆಯಲ್ಲ.

ಆರು ವಾರದ ನಂತರ

ಹೊರಡುವ ಮೊದಲು ಮೂರು ಜನರ ಗುಂಪುಗಳನ್ನು ಹಾಗೇ ಉಳಿಸಿ. ಒಬ್ಬರು ಕರಾವಳಿಯವರು, ಒಬ್ಬರು ಘಟ್ಟದ ಮೇಲಿನವರು, ಒಬ್ಬರು ಹಳಿಯಾಳ, ಮುಂಡಗೋಡದ ಕಡೆಯವರು ಇದ್ದರೆ ಒಬ್ಬರ ಪ್ರಕರಣದ ಮನೆ ಇನ್ನೊಬ್ಬರಿಗೆ ಪರಿಚಯ ಇರುವ ಸಾಧ್ಯತೆ ಕಡಿಮೆ. ತಿಂಗಳಿಗೊಮ್ಮೆ ಫೋನಿನಲ್ಲಿ ಒಂದು ಗಂಟೆ ಮಾತಾಡಲಿ, ಬಾಗಿಲು ಹಾಕಿಕೊಂಡು. ಆರು ವಾರದ ನಂತರ ನೀವೇ ಎಲ್ಲರಿಗೂ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಇಲ್ಲಿ ಕಲಿತದ್ದರಲ್ಲಿ ಏನನ್ನು ಬಳಸಿದಿರಿ? ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಎರಡನೆಯದರ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ವಿಷಯ ಅದರಲ್ಲೇ ಸಿಗುತ್ತದೆ.