ಬಲಗಡೆ ಪುಟದ ಲೆಕ್ಕ

2009ರಲ್ಲಿ ನನ್ನ ಹತ್ತಿರ ಎರಡು ಟಿಪ್ಪರ್ ಇದ್ದವು, ಎರಡೂ ಸಾಲದ ಮೇಲೆ. ಸಂಡೂರು ಕಡೆಯಿಂದ ಅದಿರಿನ ಲೋಡ್ ಹೊಡೆಯುತ್ತಿದ್ದೆ. ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ, ಬಳ್ಳಾರಿಯಲ್ಲಿ ಯಾರ ಬಾಯಲ್ಲಿ ನೋಡಿದರೂ ದುಡ್ಡಿನ ಮಾತೇ. ನಾನೂ ದೊಡ್ಡ ಕಾರು ತಗೊಂಡೆ. ಅದರಲ್ಲಿ ಅವ್ವನನ್ನು ಕೂರಿಸಿಕೊಂಡು ಹೋಗಿದ್ದು ಎರಡೇ ಸಲ.

2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಟಿಪ್ಪರ್ ಮನೆ ಮುಂದೆ ನಿಂತವು, ಕಂತು ನಿಲ್ಲಲಿಲ್ಲ. ಒಂದನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಇನ್ನೊಂದನ್ನೂ ಕಾರನ್ನೂ ಸಿಕ್ಕ ರೇಟಿಗೆ ಮಾರಿದೆ.

ಆಮೇಲೆ ಕೌಲ್ ಬಜಾರಿನಲ್ಲಿ ನಾಲ್ಕು ಮೆಷಿನ್ ಹಾಕಿ ಜೀನ್ಸ್ ಹೊಲಿಸಲು ಶುರು ಮಾಡಿದೆ. ಈಗ ಹನ್ನೊಂದು ಮೆಷಿನ್, ಹದಿನಾಲ್ಕು ಜನ. ಕೆಲಸ ಬದಲಾದರೂ ಬುದ್ಧಿ ಬಹಳ ದಿನ ಹಳೆಯದೇ ಇತ್ತು.

2017ರ ದೀಪಾವಳಿಗೆ ಎಂದಿನಂತೆ ಕೆಂಪು ರಟ್ಟಿನ ಹೊಸ ಖಾತೆ ಪುಸ್ತಕ ತಂದು ಲಕ್ಷ್ಮಿ ಮುಂದೆ ಇಟ್ಟೆ. ಎಡಗಡೆ ಪುಟದಲ್ಲಿ ಜಮಾ-ಖರ್ಚು ಬರೆಯುವುದು ನನ್ನ ರೂಢಿ, ಬಲಗಡೆ ಖಾಲಿ. ಆ ಸಲ ಬಲಗಡೆ 'ಯಾಕೆ' ಅಂತ ಬರೆಯಲು ಶುರು ಮಾಡಿದೆ. ಒಂದು ತಿಂಗಳು, ಚಹಾದ ದುಡ್ಡನ್ನೂ ಬಿಡದೆ. ನಿನಗೆ ಏನು ಮುಖ್ಯ ಅಂತ ಯಾರಾದರೂ ಕೇಳಿದ್ದರೆ ಮನೆಯವರು, ಕೆಲಸದವರು ಅಂತಿದ್ದೆ. ಪುಸ್ತಕ ಬೇರೆಯೇ ಹೇಳಿತು. ಆ ತಿಂಗಳು ನಾಲ್ಕು ಮದುವೆ. ಮುಯ್ಯಿ ಬರೆಸುವಾಗ ಮೈಕಿನಲ್ಲಿ ಹೆಸರು ಕೂಗುತ್ತಾರಲ್ವಾ, ಆ ಒಂದು ಕೂಗಿಗೆ ನಾನು ಸುಮ್ನೆ ಜಾಸ್ತಿ ಬರೆಸಿದ್ದೆ. ಅದೇ ತಿಂಗಳು ಒಂದು ಶನಿವಾರ ಕೆಲಸದವರ ವಾರದ ಬಟವಾಡೆ ಸೋಮವಾರಕ್ಕೆ ಹೋಗಿತ್ತು. ಎರಡೂ ಒಂದೇ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ.

ಮೊದಲು ಮಾಡಿದ್ದು ಇಷ್ಟೇ: ಶನಿವಾರ ಸಂಜೆ ಆರಕ್ಕೆ ಬಟವಾಡೆ, ಮಾಲು ತಗೊಂಡ ಪಾರ್ಟಿಯ ದುಡ್ಡು ಬರಲಿ ಬಿಡಲಿ. ಹಾಗೆ ಮಾಡಬೇಕಾದರೆ ಕೈಯಲ್ಲಿ ಗಂಟು ಬೇಕು. ಪೋಸ್ಟ್ ಆಫೀಸಿನಲ್ಲಿ ಐದು ವರ್ಷದ ಆರ್‌ಡಿ ಮಾಡಿಸಿ ತಿಂಗಳಿಗೆ ಹತ್ತು ಸಾವಿರ ಕಟ್ಟಿದೆ. ಒಂದು ವರ್ಷ ಕಟ್ಟಿದ ಮೇಲೆ, ಕಟ್ಟಿದ್ದರಲ್ಲಿ ಅರ್ಧದವರೆಗೆ ಸಾಲ ಸಿಗುತ್ತದೆ. 2020ರ ಲಾಕ್‌ಡೌನಿನಲ್ಲಿ ಯೂನಿಟ್ ಬಾಗಿಲು ಹಾಕಿದಾಗ ಆ ಸಾಲ ತೆಗೆದು ನಾಲ್ಕು ವಾರ ಎಲ್ಲರಿಗೂ ಬಟವಾಡೆ ಕೊಟ್ಟೆ. ಐದನೇ ವಾರ ಕೊಡಲು ಆಗಲಿಲ್ಲ. ಅದನ್ನೂ ಬಲಗಡೆ ಬರೆದಿದ್ದೇನೆ.

ಕಷ್ಟ ಆಗಿದ್ದು ಬೇಡ ಅನ್ನುವುದು. ಹೋದ ವರ್ಷ ಹತ್ತು ದಿನದಲ್ಲಿ ಮೂರು ಸಾವಿರ ಪೀಸ್ ಬೇಕು ಅಂತ ಒಬ್ಬ ವ್ಯಾಪಾರಿ ಬಂದ. ರಾತ್ರಿ ಪಾಳಿ ಮಾಡಿಸದೆ ಆಗುವ ಮಾತಲ್ಲ. ಬಟನ್ ಹಾಕುವ ಅಕ್ಕನ ಮಗಳಿಗೆ ಅದೇ ವಾರ ಎಸ್ಸೆಸ್ಸೆಲ್ಸಿ ಪರೀಕ್ಷೆ, ಇನ್ನಿಬ್ಬರ ಮನೆಯಲ್ಲೂ ಹಾಗೇ. ಬೇಡ ಅಂದೆ. ಕಟಿಂಗ್ ಮಾಸ್ಟರ್ ಕತ್ತರಿ ಕೆಳಗಿಟ್ಟು, "ಅಣ್ಣ, ತಲೆ ಸರಿ ಐತಿಲ್ಲೋ?" ಅಂದ. ನಲವತ್ತೈದು ಸಾವಿರದಷ್ಟು ಉಳಿಯುತ್ತಿತ್ತು. ಪಕ್ಕದ ಯೂನಿಟ್‌ನವರು ಆ ಆರ್ಡರ್ ಹಿಡಿದು ಹೊಸ ಮೆಷಿನ್ ತಂದರು. ಎರಡು ವಾರ ಅದರ ಸದ್ದು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿ. ಸುಳ್ಳು ಯಾಕೆ ಹೇಳಲಿ.

ಮನೆ ಖರ್ಚಿಗೂ ಹೆಂಡತಿ ಜೊತೆ ಕೂತು ತಿಂಗಳಿಗೆ ಇಷ್ಟು ಸಾಕು ಅಂತ ಒಂದು ಅಂಕಿ ಹಾಕಿಕೊಂಡಿದ್ದೇವೆ. ಮುಯ್ಯಿ ಈಗ ಎಲ್ಲರಿಗೂ ಒಂದೇ, 501. ಒಬ್ಬಿಬ್ಬರು ನೆಂಟರು ಮುಖ ತಿರುಗಿಸಿದ್ದಾರೆ.

ಹೋದ ಭಾನುವಾರ ಅವ್ವನ ಜೊತೆ ಹಂಪಿಗೆ ಬಸ್ಸಿನಲ್ಲಿ ಹೋಗಿದ್ದೆ. ಅವ್ವನಿಗೆ ಶಕ್ತಿ ಯೋಜನೆಯಲ್ಲಿ ಫ್ರೀ. ಎಡಗಡೆ ಪುಟದಲ್ಲಿ ನನ್ನೊಬ್ಬನ ಟಿಕೆಟ್, ಹೂವು-ಕಾಯಿ, ಎರಡು ಪ್ಲೇಟ್ ಮಂಡಕ್ಕಿ-ಮಿರ್ಚಿ. ಬಲಗಡೆ, ಅವ್ವ ಸಣ್ಣವಳಿದ್ದಾಗ ಎತ್ತಿನ ಗಾಡಿಯಲ್ಲಿ ತೇರಿಗೆ ಬಂದಿದ್ದು, ಗಾಡಿಯ ಕೀಲು ಮುರಿದು ರಾತ್ರಿಯೆಲ್ಲ ಹೊಲದಲ್ಲಿ ಮಲಗಿದ್ದು, ಅವರಪ್ಪ ಬೈದಿದ್ದು. ಪುಟ ಸಾಲದೆ ಸೋಮವಾರದ ಜಾಗಕ್ಕೂ ಹೋಯಿತು. ಅಂಗಡಿಯ ದಾರದ ಬಿಲ್ಲು ಎಲ್ಲಿ ಬರೆಯೋದು ಅಂತ ಹೆಂಡತಿ ಕೇಳುತ್ತಿದ್ದಾಳೆ.