ಅಬೊರಿಜಿನಲ್ ಹುಡುಗ ಹುಡುಗಿಯರ ಜೊತೆ ಪ್ರೀತಿ, ಸೆಕ್ಸ್ ಬಗ್ಗೆ ಮಾತಾಡೋದು ಹೇಗೆ?

ಅಬೊರಿಜಿನಲ್ ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳು. ನರ್ಸ್ ಆಗಿಯೋ ಯೂತ್ ವರ್ಕರ್ ಆಗಿಯೋ ನಿಮಗೆ ಅಲ್ಲಿನ ಆಲಿಸ್ ಸ್ಪ್ರಿಂಗ್ಸ್ ಕಡೆ ಕೆಲಸ ಸಿಕ್ಕಿದೆ ಅಂದುಕೊಳ್ಳಿ. ಒಂದಲ್ಲ ಒಂದು ದಿನ ಹದಿನೇಳರ ಹುಡುಗಿಯೊಬ್ಬಳು ಎದುರಿಗೆ ಕೂತು ನೆಲ ನೋಡುತ್ತಿರುತ್ತಾಳೆ. ಅರ್ಥ ಆಯ್ತಾ? ಯಾ. ಕಾಂಡೋಮ್ ಬಳಸ್ತಾನಾ ಅವನು? ಯಾ. ಖುಷಿಪಡಬೇಡಿ. ಆ 'ಯಾ' ಎಷ್ಟೋ ಸಲ ಬರೀ ಮರ್ಯಾದೆಗೆ ಅಂದಿದ್ದು, 'ಸಾಕು, ಬಿಟ್ಟುಬಿಡಿ' ಅಂತ ಅರ್ಥ. (ಎಲ್ಲರೂ ಹೀಗಲ್ಲ. ಸಿಡ್ನಿಯ ಹುಡುಗಿ ನಿಮಗೇ ಪಾಠ ಹೇಳಿಯಾಳು.)

ಹಾಗಾಗಿ ಹೌದು-ಇಲ್ಲ ಅನ್ನುವ ಪ್ರಶ್ನೆಗಳನ್ನು ಮೊದಲು ಬಿಡಿ. ಬದಲಿಗೆ ಹರಟೆ. ಅಲ್ಲಿನವರು ಅದಕ್ಕೆ 'ಯಾರ್ನಿಂಗ್' ಅನ್ನುತ್ತಾರೆ. ಊರು ಯಾವುದು, ಫುಟಿಯಲ್ಲಿ (ಅಲ್ಲಿನ ಫುಟ್‌ಬಾಲ್) ಯಾವ ಟೀಮು, ಅಜ್ಜಿ ಹೇಗಿದ್ದಾರೆ ಅಂತ ಹರಟುತ್ತಾ, ನಿಮ್ಮ ಮನೆಯ ಬಗ್ಗೆಯೂ ಹೇಳುತ್ತಾ ನಿಧಾನಕ್ಕೆ ವಿಷಯಕ್ಕೆ ಬರುವುದು. ಪಕ್ಕದಲ್ಲಿ ಕೂರಿ, ಮುಖವನ್ನೇ ದಿಟ್ಟಿಸಬೇಡಿ. ಮಾತು ನಿಂತರೆ ನಿಲ್ಲಲಿ.

'ಶೇಮ್' ಅನ್ನುವ ಮಾತು ದಿನಾ ಕಿವಿಗೆ ಬೀಳುತ್ತದೆ. ಬರೀ ನಾಚಿಕೆ ಅಲ್ಲ ಅದು. ನಾಲ್ಕು ಜನರ ಕಣ್ಣಿಗೆ ಬೀಳುವ ಮುಜುಗರವೂ ಸೇರಿದೆ. ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಅವಳ ಚಿಕ್ಕಮ್ಮನೇ ಕೂತಿರಬಹುದು, ಅಲ್ವಾ? ಏನು ನಿಮ್ಮಲ್ಲೇ ಉಳಿಯುತ್ತದೆ, ಏನನ್ನು ನೀವು ಹೇಳಲೇಬೇಕಾಗುತ್ತದೆ ಅನ್ನುವುದನ್ನು ಶುರುವಿನಲ್ಲೇ ತಿಳಿಸಿ. ಆಲಿಸ್ ಸ್ಪ್ರಿಂಗ್ಸ್ ಇರುವ ನಾರ್ದರ್ನ್ ಟೆರಿಟರಿಯಲ್ಲಿ ಮಗುವಿಗೆ ಅಪಾಯ ಇದೆ ಅನ್ನಿಸಿದರೆ ದೊಡ್ಡವರು ಯಾರೇ ಆಗಲಿ ತಿಳಿಸಲೇಬೇಕು, ಕಾನೂನು. ಆದರೆ ಹಿಂದೆ ಸರ್ಕಾರ ಅಬೊರಿಜಿನಲ್ ಮಕ್ಕಳನ್ನು ಮನೆಯವರಿಂದ ಕಿತ್ತುಕೊಂಡು ಹೋಗಿದ್ದನ್ನು ಈ ಮನೆಗಳಲ್ಲಿ ಇನ್ನೂ ಮರೆತಿಲ್ಲ. 2008ರಲ್ಲಿ ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಿನಲ್ಲಿ ಅದಕ್ಕೆ ಕ್ಷಮೆ ಕೇಳಿದರು ನಿಜ, ಅಷ್ಟಕ್ಕೇ ಅಜ್ಜಿಯರ ಭಯ ಹೋಗಿಬಿಡುತ್ತದಾ?

ಹೆಂಗಸರ ಮಾತು ಹೆಂಗಸರಲ್ಲಿ, ಗಂಡಸರದ್ದು ಗಂಡಸರಲ್ಲಿ. ನಿಮ್ಮ ಜೊತೆ ಮಾತಾಡೋದು ಸರಿಯಾ ಅಂತ ಹುಡುಗನನ್ನೇ ಕೇಳಿ. ಆ ಕಡೆಯ ಅಬೊರಿಜಿನಲ್ ಸಮುದಾಯವಾದ ವಾರ್ಲ್ಪಿರಿ ಜನರಲ್ಲಿ 8 'ಸ್ಕಿನ್' ಗುಂಪುಗಳಿವೆ, ಚರ್ಮದ ಬಣ್ಣ ಅಲ್ಲ, ಹುಟ್ಟಿನಿಂದ ಬರುವ ಬಂಧುತ್ವದ ಗುಂಪು. ಯಾರನ್ನು ಮದುವೆಯಾಗಬಹುದು, ಯಾರ ಹತ್ತಿರ ಮಾತೂ ಆಡಬಾರದು ಅನ್ನುವುದೆಲ್ಲ ಈ ಸಂಬಂಧಗಳ ಮೇಲೆ ನಿಂತಿದೆ. 'ರಾಂಗ್ ಸ್ಕಿನ್' ಪ್ರೀತಿ, ಅಂದರೆ ಈ ನಿಯಮ ಮೀರಿದ ಪ್ರೀತಿ ಅಂತ ಗೊತ್ತಾದರೆ ತೀರ್ಪು ಕೊಡಲು ಹೋಗಬೇಡಿ. ಹಾಗಂತ ಯಾರಿಗೋ ಹೇಳಿಬಿಡಲೂ ಬೇಡಿ. ಅವಳು ನಂಬುವ ಆಂಟಿ ಯಾರು ಅಂತ ಕೇಳಿ, ಅಷ್ಟೇ.

ಇನ್ನು 'ಜೆಲಸಿಂಗ್', ಅಂದರೆ ಹೊಟ್ಟೆಕಿಚ್ಚಿನಿಂದ ಸಂಗಾತಿಯನ್ನು ಕಾಡೋದು. ಫೋನ್ ಕಿತ್ತುಕೊಂಡು ಮೆಸೇಜ್ ನೋಡೋದು, ಕಸಿನ್‌ಗಳ ಜೊತೆ ಹೋಗಲು ಬಿಡದಿರೋದು. ಇದನ್ನೇ ಪ್ರೀತಿ ಅಂದುಕೊಂಡವರಿದ್ದಾರೆ. 'ನಿನಗೆ ಹೀಗೆ ಆಗ್ತಿದೆಯಾ' ಅಂದರೆ ಬಾಯಿ ಮುಚ್ಚಿಹೋಗುತ್ತದೆ. 'ನಿನ್ನ ತಂಗಿಗೆ ಯಾರಾದರೂ ಹೀಗೆ ಮಾಡಿದರೆ ಏನು ಹೇಳ್ತೀಯ' ಅಂತ ಕೇಳಿ ನೋಡಿ, ಉತ್ತರ ತಾನಾಗೇ ಬರುತ್ತದೆ. ಸೆಕ್ಸ್‌ಗೆ ಒಪ್ಪಿಗೆಯ ಮಾತನ್ನೂ ಇಲ್ಲೇ ತನ್ನಿ. ನಿಮ್ಮ ಮುಂದೆ ಸುಮ್ನೆ 'ಯಾ' ಅಂದಳಲ್ಲ, ಅವನ ಮುಂದೆಯೂ ಹಾಗೇ ಅಂದಿದ್ದರೆ? ಒಪ್ಪಿಗೆಯ ವಯಸ್ಸು ಹೆಚ್ಚಿನ ಕಡೆ 16, ಸೌತ್ ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾದಲ್ಲಿ 17.

ಲೈಂಗಿಕ ಕಾಯಿಲೆಗಳ ಟೆಸ್ಟ್ ಮಾಡಿಸಲು ಒಳ್ಳೆ ದಾರಿ '715', ಅಂದರೆ ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಕೊಡುವ ಅಬೊರಿಜಿನಲ್ ಹೆಲ್ತ್ ಚೆಕ್. ಕಿವಿ, ಬಿಪಿ ನೋಡುವಾಗಲೇ ಕೇಳಿದರೆ 'ನನಗೆ ಮಾತ್ರ ಯಾಕೆ' ಅನ್ನಿಸುವುದಿಲ್ಲ. ಕ್ಲಮೈಡಿಯಾ, ಗೊನೊರಿಯಾಕ್ಕೆ ಮೂತ್ರ ಸಾಕು. ಸಿಫಿಲಿಸ್‌ಗೆ ರಕ್ತವೇ ಬೇಕು, ಬಿಡಬೇಡಿ. 2011ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಏಕಾಏಕಿ ಹಬ್ಬಲು ಶುರುವಾಗಿ ಬೇರೆ ರಾಜ್ಯಗಳಿಗೂ ಹರಡಿದ ಕಾಯಿಲೆ ಅದು. ಪೆನಿಸಿಲಿನ್‌ಗೆ ಬಗ್ಗುತ್ತದೆ ಅಂತಲೂ ಹೇಳಿ.

ರಾತ್ರಿ ಮನಸ್ಸು ಕೆಟ್ಟರೆ ಫೋನ್ ಮಾಡಲು 13 92 76 ಅನ್ನುವ ಹೆಲ್ಪ್‌ಲೈನ್ ನಂಬರ್ ಕೊಡಿ, ಅಲ್ಲಿ ಮಾತಾಡುವವರೂ ಅವರ ಜನರೇ. ಮುಂದಿನ ಸಲ ಅವಳು ಇಬ್ಬರು ಕಸಿನ್‌ಗಳನ್ನು ಕರೆದುಕೊಂಡು ಬಂದರೆ ಹೊರಗೆ ಕಳಿಸಬೇಡಿ, ಅವಳು ಹೂಂ ಅಂದರೆ ಕುರ್ಚಿ ಹಾಕಿ.